ಕೈ ಏಳುವ ಹೊತ್ತು

ಮುಂಜಾನೆ ಐದೂವರೆಗೆ ಹುಂಜ ಎದ್ದಿರತೈತಿ,
ನಾನೂ ಎದ್ದಿರತೀನಿ,
ಕೈ ಮಾತ್ರ ಎದ್ದಿರಂಗಿಲ್ಲ.

ಹತ್ತೂ ಬೆರಳು ಎದಿ ಮ್ಯಾಲೆ ಮುದುಡಿಕೊಂಡು
ಯಾರದೋ ಮನಿ ಕೂಸಿನಂಗ ಮಲಗಿರತಾವ.
ಒಂದೊಂದನ್ನ ರಮಿಸಿ ಎಬ್ಬಸಬೇಕು.
ಕಿರುಬೆರಳು ಮೊದಲು, ಅದು ಸಣ್ಣದು, ಮಾತು ಕೇಳತೈತಿ.
ಹೆಬ್ಬೆಟ್ಟು ಕೊನಿಗೆ.
ಅದಕ್ಕ ಇಪ್ಪತ್ತು ವರ್ಷದ ಸಿಟ್ಟೈತಿ.

ಗೂಡಿನೊಳಗ ಏಳು ಹೇಂಟೆ ಬಡಕೋತಾವ,
ತಗಿ, ತಗಿ, ತಗಿ.
ತಡೀರವ್ವಾ,
ನನ್ನ ಚಿಲಕನ ಇನ್ನೂ ತಗದಿಲ್ಲ.

ಮೊದಲು ಗೂಡಿಗೂ ಕಬ್ಬಿಣದ ಚಿಲಕ ಇತ್ತು,
ಎರಡು ಬೆರಳಾಗ ಚಿವುಟಿ ಜಗ್ಗುವಂಥಾದ್ದು.
ಒಂದಿನ ಹನ್ನೊಂದರ ತನಕ
ಕೋಳಿ ಒಳಗ, ನಾನು ಹೊರಗ,
ಅದನ್ನೇ ನೋಡಿಕೋತ ಕುಂತಿದ್ವಿ.
ಎದುರುಮನಿ ಶಾಶಾವಲಿ ಬಂದು ಅದನ್ನ ಕಿತ್ತು
ಹಳೇ ಜೀನ್ಸಿನ ಸೊಂಟಪಟ್ಟಿ ಹೊಡದ.
ಮೊಣಕೈ ತೂರಿಸಿ ಎಳದ್ರ ಸಾಕು.
ಪಟ್ಟಿ ತಿರುವಿ ನೋಡಿದೆ. ಹೊಲಿಗಿ ನನ್ನದ.
ಕೌಲ್ ಬಜಾರಿನ ಆ ಮೂರನೇ ಮಷಿನ್ನು,
ಎಡಕ್ಕ ಒಂದು ಎಳಿ ಜಾರತಿತ್ತು ಅದು.

ದಿನಕ್ಕ ಇನ್ನೂರು ಝಿಪ್ಪು ಕೂಡಿಸಿದ ಕೈ.
ಎಷ್ಟು ತೊಳದ್ರೂ ಉಗುರಿನ ಸಂದಿ ನೀಲಿ,
ರೊಟ್ಟಿ ಬಡದ್ರ ಹಿಟ್ಟೂ ನೀಲಿ.
ಈಗ ನನ್ನ ರವಿಕಿ ಗುಂಡಿಗೆ ತಂಗಿ ಮಗಳು ಎರ್ರೆಮ್ಮ ಬೇಕು.
ನಗತಾನ ಹೇಳತೀನಿ ಇದನ್ನ.
ನಗು ಬರೂದು ಮಧ್ಯಾಹ್ನದ ಮ್ಯಾಲೆ.

ದೊಡ್ಡಾಸ್ಪತ್ರಿಯ ಸಣ್ಣ ವಯಸ್ಸಿನ ಡಾಕ್ಟರಮ್ಮ ಹೇಳಿದಳು:
ಗಾದೆಮ್ಮಾ, ನಿನ್ನ ಮೈ ಕಾಯೋ ಮಂದೀನ
ನಿನ್ನ ಕೀಲನ್ನ ವೈರಿ ಅಂತ ತಿಳಿದು ಕಡೀತಾರ.
ಹೂಂ ಅಂದೆ. ತಿಳಿಲಿಲ್ಲ.

ಆಮ್ಯಾಲೆ ಕರಿ ಪುಕ್ಕದಾಕಿಗೆ
ಬಾಲದ ಬುಡಕ್ಕ ಸಣ್ಣ ಗಾಯ ಆತು.
ಒಂದು ಹನಿ ಕೆಂಪು ಕಂಡಿದ್ದ ತಡ,
ಕೂಡಿ ಉಂಡಾಕಿನ್ನ, ಒಂದೇ ಕೋಲಿನ ಮ್ಯಾಲೆ ಮಲಗಿದಾಕಿನ್ನ
ಉಳಿದ ಆರೂ ಮುಕರಿ ಕುಕ್ಕಿದವು.
ಸಿಟ್ಟಿಲ್ಲ ಅವಕ್ಕ.
ಕೆಂಪು ಕಂಡ್ರ ಕೊಕ್ಕು ತಾನ ಹೋಗತೈತಿ.
ಅಂಗಳದಾಗ ನಿಂತೆ, ಕಸಬರಿಗಿ ಕಂಕುಳಾಗ,
ಈಗ ತಿಳೀತು ಡಾಕ್ಟರಮ್ಮಾ ಅಂತ
ಯಾರಿಗೂ ಕೇಳದಂಗ ಅಂದೆ.

ದನದ ದವಾಖಾನಿ ಕಂಪೌಂಡರು ಕೊಟ್ಟದ್ದು ನೀಲಿ ಔಷಧಿ.
ಹಚ್ಚು, ಕೆಂಪು ಕಾಣದಿದ್ರ ಬಿಡತಾವ ಅಂದ.
ಮೂರು ದಿನಕ್ಕ ಬಿಟ್ಟವು.
ಆಕಿನ್ನ ಮತ್ತ ಮಗ್ಗಲಿಗೆ ಹಾಕ್ಕೊಂಡು ಮಲಗಿದವು,
ಏನೂ ಆಗೇ ಇಲ್ಲದಂಗ.
ನನ್ನ ಉಗುರಿನ ಸಂದಿಗೂ ಹತ್ತಿತ್ತು ನೀಲಿ, ಮೊದಲಿನಂಗ.
ಅಷ್ಟು ವರ್ಷ ಹಚ್ಚಿಕೊಂಡಿದ್ನಲ್ಲ,
ಒಳಗಿನ ಕೊಕ್ಕಿಗೆ ಅದ್ಯಾಕ ಕಾಣಲಿಲ್ಲೋ.

ಭಾನುವಾರ ರಾತ್ರಿ ಹಳದಿ ಗುಳಿಗಿ.
ಸೋಮವಾರ ಪೂರಾ ವಾಕರಿಕಿ,
ಅವತ್ತು ಕಾಳು ಹಾಕೂದು ಎರ್ರೆಮ್ಮ.
ಅವು ಅಕಿ ಕಾಲು ನೋಡಿ ದೂರ ನಿಂತು ತಿಂತಾವ.

ಬ್ಯಾಸಿಗಿ ಬಂತಂದ್ರ ನನಗ ಮದ್ದು, ಅವಕ್ಕ ಕುತ್ತು.
ರಾತ್ರಿಯೆಲ್ಲಾ ಕ್ವಾಟಿ ಗುಡ್ಡ ಕಾವು ಉಗುಳತೈತಿ,
ನನ್ನ ಮಣಿಕಟ್ಟು ಹಗುರಾಗತಾವ,
ಹೇಂಟೆ ಬಾಯಿ ತಗದು, ರೆಕ್ಕಿ ಅಗಲಿಸಿ ನಿಂತಿರತಾವ.
ಗೋಣಿ ತೋಯಿಸಿ ಗೂಡಿನ ಮ್ಯಾಲೆ ಹಾಸತೀನಿ.
ಹಿಂಡಾಕ ಬರಂಗಿಲ್ಲ ನನಗ.
ಸೋರಲಿ. ಹಿಂಡಿದ್ರ ಇಷ್ಟು ತಂಪೆಲ್ಲಿ.

ಹಿಂಗ ಮಗಚಿ ಬಗ್ಗಿ, ಗೋಡಿ ಹಿಡದು,
ಜೀನ್ಸಿನ ಚೂರಿನ ಹಾಸಿಗ್ಯಾಗ ಕೈ ಹಾಕತೀನಿ.
ಈಗಷ್ಟ ಇಟ್ಟದ್ದೊಂದು ಸಿಗತೈತಿ.
ಬಲಗೈ ಈಗ ಮುಚ್ಚೂದು
ಸರಿಯಾಗಿ ಒಂದು ಮೊಟ್ಟಿಯಷ್ಟಕ್ಕ,
ಅದಕ್ಕಿಂತ ಒಂದು ಕೂದಲೆಳಿ ಹೆಚ್ಚು ಮುಚ್ಚಂಗಿಲ್ಲ.
ಕಾವು ಅಂಗೈಯಿಂದ ಗೆಣ್ಣಿಗೆ,
ಗೆಣ್ಣಿನಿಂದ ಹೆಬ್ಬೆಟ್ಟಿಗೆ ಏರತೈತಿ.

ಎಷ್ಟಿಟ್ಟವು ದೊಡ್ಡವ್ವಾ, ಅಂಗಡಿಯವ ಬಂದಾನ,
ಎರ್ರೆಮ್ಮ ಒಳಗಿನಿಂದ ಒದರತಾಳ.
ಐದು, ಅಂತೀನಿ.
ಆರನೇದು ಇನ್ನೂ ಬಿಸಿ ಐತಿ.